ಕ್ವಾಂಟ್ ಆಗಬಯಸುವ ಪಿಯುಸಿ ವಿದ್ಯಾರ್ಥಿಗೆ: ಪದವಿಯಲ್ಲಿ ಏನು ಓದಬೇಕು, ಎಲ್ಲಿ ಓದಬೇಕು

ಗಣಿತ, ಸಂಭವನೀಯತೆ ಬಳಸಿ ಹಣಕಾಸಿನ ಕರಾರುಗಳಿಗೆ ಬೆಲೆ ಕಟ್ಟುವ, ಅಪಾಯ ಅಳೆಯುವ ವಿಷಯವೇ ಕ್ವಾಂಟಿಟೇಟಿವ್ ಫೈನಾನ್ಸ್. ಆ ಕೆಲಸ ಮಾಡುವವರೇ ಕ್ವಾಂಟ್. ಮೊದಲು ಒಂದು ಲೆಕ್ಕ. ಶಿರಸಿ ಮಾರುಕಟ್ಟೆಯಲ್ಲಿ ಕ್ವಿಂಟಲ್ ಅಡಿಕೆಗೆ ಇವತ್ತು 50,000 ರೂಪಾಯಿ ಎಂದು ಇಟ್ಟುಕೊಳ್ಳಿ. ಮುಂದಿನ ತಿಂಗಳು ಅದು 60,000ಕ್ಕೆ ಏರುತ್ತದೆ, ಇಲ್ಲವೇ 45,000ಕ್ಕೆ ಇಳಿಯುತ್ತದೆ. ಮೂರನೆಯ ಸಾಧ್ಯತೆ ಇಲ್ಲ. ವ್ಯಾಪಾರಿಯೊಬ್ಬ ಬಂದು ನಿಮ್ಮನ್ನು ಕೇಳುತ್ತಾನೆ: "ಮುಂದಿನ ತಿಂಗಳು ದರ ಎಷ್ಟೇ ಇರಲಿ, 52,500ಕ್ಕೆ ಒಂದು ಕ್ವಿಂಟಲ್ ಕೊಳ್ಳುವ ಹಕ್ಕು ನನಗೆ ಬೇಕು. ಇಷ್ಟವಿಲ್ಲದಿದ್ದರೆ ಕೊಳ್ಳುವುದಿಲ್ಲ. ಆ ಹಕ್ಕಿಗೆ ಈಗ ನಿಮಗೆ ಎಷ್ಟು ಕೊಡಲಿ?"

ದರ ಏರಿದರೆ ಅವನಿಗೆ 7,500 ಲಾಭ, ಇಳಿದರೆ ಸೊನ್ನೆ. ಏರುವುದೂ ಇಳಿಯುವುದೂ ಸಮಸಮ ಎಂದುಕೊಂಡರೆ ಸರಾಸರಿ 3,750. ಬಹುತೇಕ ವಿದ್ಯಾರ್ಥಿಗಳು ಈ ಉತ್ತರವನ್ನೇ ಕೊಡುತ್ತಾರೆ, ಅದು ತಪ್ಪು. ಸರಿಯಾದ ಬೆಲೆ 2,500.

ಹೇಗೆಂದು ನೋಡಿ. ನೀವು ಈಗಲೇ ಅರ್ಧ ಕ್ವಿಂಟಲ್ ಅಡಿಕೆಯನ್ನು 25,000 ಕೊಟ್ಟು ಕೊಳ್ಳಿ. ಅದಕ್ಕೆ 22,500 ಸಾಲ ತನ್ನಿ, ಉಳಿದ 2,500 ಮಾತ್ರ ಕೈಯಿಂದ ಹಾಕಿ. ಬಡ್ಡಿ, ಗೋದಾಮಿನ ಬಾಡಿಗೆ ಸದ್ಯಕ್ಕೆ ಬಿಡೋಣ. ದರ ಏರಿದರೆ ನಿಮ್ಮ ಅರ್ಧ ಕ್ವಿಂಟಲ್ 30,000 ಆಗುತ್ತದೆ. ಸಾಲ ತೀರಿಸಿದರೆ 7,500 ಉಳಿಯುತ್ತದೆ. ಇಳಿದರೆ ಅದು 22,500 ಆಗುತ್ತದೆ. ಸಾಲಕ್ಕೆ ಸರಿಹೋಗಿ ಸೊನ್ನೆ ಉಳಿಯುತ್ತದೆ. ವ್ಯಾಪಾರಿ ಕೇಳಿದ ಹಕ್ಕಿನ ಫಲವೂ ಇದೇ ಅಲ್ಲವೇ? 2,500 ರೂಪಾಯಿಯಲ್ಲಿ ತಯಾರಿಸಬಹುದಾದ ವಸ್ತುವಿಗೆ 3,750 ಕೊಡುವವನು ಮೋಸಹೋಗುತ್ತಾನೆ, 2,000ಕ್ಕೆ ಮಾರುವವನು ಕೈ ಸುಟ್ಟುಕೊಳ್ಳುತ್ತಾನೆ.

ಇನ್ನೊಮ್ಮೆ ಓದಿ. ದರ ಏರುವ ಸಂಭವನೀಯತೆ ಎಷ್ಟು ಎಂಬುದು ಈ ಲೆಕ್ಕದಲ್ಲಿ ಎಲ್ಲಿಯೂ ಬರಲಿಲ್ಲ! ಇಂಥ ಹಕ್ಕಿಗೆ ಆಪ್ಷನ್ ಎಂದು ಹೆಸರು. ಅದರ ಬೆಲೆ ಕಟ್ಟುವ ಬಗ್ಗೆ ಅರ್ಥಶಾಸ್ತ್ರಜ್ಞರಾದ ಫಿಶರ್ ಬ್ಲ್ಯಾಕ್, ಮೈರನ್ ಶೋಲ್ಸ್, ರಾಬರ್ಟ್ ಮರ್ಟನ್ ಅವರು 1973ರಲ್ಲಿ ಪ್ರಕಟಿಸಿದ ಕೆಲಸದ ತಿರುಳು ಇದೇ. ದರ ಕ್ಷಣಕ್ಷಣಕ್ಕೂ ಬದಲಾಗುವಾಗ ಇದೇ ಉಪಾಯವನ್ನು ಹೇಗೆ ನಡೆಸುವುದೆಂದು ಅವರು ತೋರಿಸಿಕೊಟ್ಟರು. 1997ರಲ್ಲಿ ಶೋಲ್ಸ್ ಮತ್ತು ಮರ್ಟನ್ ಅವರಿಗೆ ನೊಬೆಲ್ ಬಂತು. ಬ್ಲ್ಯಾಕ್ 1995ರಲ್ಲೇ ತೀರಿಕೊಂಡಿದ್ದರು.

ಈ ಲೆಕ್ಕ ಓದಿ ನಿಮಗೆ ಖುಷಿಯಾಯಿತೇ? ಎರಡು ಬಾರಿ ಓದಬೇಕೆನಿಸಿತೇ? ಹಾಗಿದ್ದರೆ ಮುಂದಿನದು ನಿಮಗಾಗಿಯೇ ಬರೆದದ್ದು. "ಇದೆಲ್ಲ ಇರಲಿ, ಸಂಬಳ ಎಷ್ಟು" ಎಂಬುದಷ್ಟೇ ಮನಸ್ಸಿಗೆ ಬಂದಿದ್ದರೆ ಸ್ವಲ್ಪ ಯೋಚಿಸಿ. ಈ ವಿಷಯದಲ್ಲಿ ಮೂರ್ನಾಲ್ಕು ವರ್ಷ ಇಂಥದ್ದನ್ನೇ ದಿನವೂ ಮಾಡಬೇಕು.

ಹೆಜ್ಜೆ ಒಂದು: ಪಿಯುಸಿಯಲ್ಲಿ ಗಣಿತ ಬಿಡಬೇಡಿ

ಹಣಕಾಸು ಎಂದ ಕೂಡಲೇ ಮನೆಯವರು ವಾಣಿಜ್ಯ ವಿಭಾಗಕ್ಕೆ ಸೇರಿಸುತ್ತಾರೆ. ನಾನು ಕಂಡ ತಪ್ಪುಗಳಲ್ಲಿ ಸರಿಪಡಿಸಲು ಅತ್ಯಂತ ಕಷ್ಟವಾದದ್ದು ಇದು. ಕ್ವಾಂಟಿಟೇಟಿವ್ ಫೈನಾನ್ಸ್‌ನಲ್ಲಿ ಲೆಕ್ಕಪತ್ರ ಕಡಿಮೆ, ಸಂಭವನೀಯತೆ ಮತ್ತು ಕಲನಶಾಸ್ತ್ರ ಹೆಚ್ಚು. ವಾಣಿಜ್ಯ ವಿದ್ಯಾರ್ಥಿಗಳಿಗೆ ಕಲಿಸುವ ಬೇಸಿಕ್ ಮ್ಯಾಥ್ಸ್‌ಗೂ ವಿಜ್ಞಾನ ವಿಭಾಗದ ಗಣಿತಕ್ಕೂ ಆಳದಲ್ಲಿ ಬಹಳ ಅಂತರವಿದೆ. ಆದ್ದರಿಂದ ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನ ಅಥವಾ ಸಂಖ್ಯಾಶಾಸ್ತ್ರ ಇರುವ ಸಂಯೋಜನೆಯನ್ನು ಆರಿಸಿಕೊಳ್ಳಿ.

ಈಗಾಗಲೇ ವಾಣಿಜ್ಯಕ್ಕೆ ಸೇರಿಯಾಗಿದ್ದರೆ ಧೃತಿಗೆಡಬೇಡಿ. ವಿಜ್ಞಾನ ವಿಭಾಗದ ಪ್ರಥಮ ಮತ್ತು ದ್ವಿತೀಯ ಪಿಯುಸಿ ಗಣಿತ ಪುಸ್ತಕಗಳನ್ನು ತಂದು, ಎರಡು ಬೇಸಿಗೆ ರಜೆಗಳಲ್ಲಿ ಪ್ರತಿ ಲೆಕ್ಕವನ್ನೂ ಬಿಡದೆ ಮಾಡಿ. ಆದರೆ ನೀವು ಸೇರಬಯಸುವ ಕೋರ್ಸು ಯಾವ ಗಣಿತ ಪತ್ರಿಕೆಯನ್ನು ಅರ್ಹತೆಗೆ ಒಪ್ಪುತ್ತದೆ ಎಂಬುದನ್ನು ಅರ್ಜಿ ಹಾಕುವ ಮೊದಲೇ ವಿಚಾರಿಸಿ. ಕೊನೆಯ ಗಳಿಗೆಯಲ್ಲಿ ಇದನ್ನು ತಿಳಿದುಕೊಂಡವರ ಸಂಕಟ ನೋಡಿದ್ದೇನೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ಸಂಭವನೀಯತೆ, ಸರಾಸರಿ, ಶ್ರೇಢಿ, ಮಾನಕ ವಿಚಲನೆ ಎಂದು ನೀವು ಶಾಲೆಯಲ್ಲಿ ಕಲಿತ ಪದಗಳು ಗುಡಿಸಿ ಹಾಕಬೇಕಾದವಲ್ಲ. ಇಂಗ್ಲಿಷ್ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಪಕ್ಕದಲ್ಲೇ ಬರೆದುಕೊಳ್ಳುತ್ತ ಹೋಗಿ. ಒಂದು ಸೆಮಿಸ್ಟರ್‌ನಲ್ಲಿ ಹಿಡಿತ ಸಿಗುತ್ತದೆ. ಯೋಚನೆಯನ್ನು ಮಾತ್ರ ನಿಮಗೆ ಸಲೀಸಾದ ಭಾಷೆಯಲ್ಲೇ ಮಾಡಿ.

ಹೆಜ್ಜೆ ಎರಡು: ಪದವಿಯ ಹೆಸರು ಬದಿಗಿಟ್ಟು ಪಠ್ಯಕ್ರಮ ಓದಿ

"ಕ್ವಾಂಟಿಟೇಟಿವ್ ಫೈನಾನ್ಸ್" ಎಂಬ ಹೆಸರಿನಲ್ಲೇ ಪದವಿ ಕೊಡುವ ವಿಶ್ವವಿದ್ಯಾಲಯಗಳು ಹೊರದೇಶಗಳಲ್ಲಿವೆ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯ, ಹಾಂಗ್‌ಕಾಂಗ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ, ಅಮೆರಿಕದಲ್ಲಿ ಮ್ಯಾನ್‌ಹಟನ್ ಎದುರಿನ ದಡದಲ್ಲಿರುವ ಸ್ಟೀವನ್ಸ್ ತಾಂತ್ರಿಕ ಸಂಸ್ಥೆ ಇವುಗಳಲ್ಲಿ ಹೆಸರುವಾಸಿ. ಆದರೆ ಅಮೆರಿಕದಲ್ಲೂ ಇದು ಮುಖ್ಯವಾಗಿ ಸ್ನಾತಕೋತ್ತರ ವಿಷಯ. ಅಂಥ ಕೋರ್ಸುಗಳಿಗೆ ಗಣಿತ, ಸಂಖ್ಯಾಶಾಸ್ತ್ರ, ಭೌತಶಾಸ್ತ್ರ, ಎಂಜಿನಿಯರಿಂಗ್ ಓದಿದವರು ಬಂದು ಸೇರುತ್ತಾರೆ. ಹಾಗಾಗಿ ಬರೀ ಹೆಸರಿಗಾಗಿ ಮನೆ, ತೋಟ ಅಡವಿಟ್ಟು ಹದಿನೆಂಟನೆಯ ವಯಸ್ಸಿಗೇ ಹೊರದೇಶಕ್ಕೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ಪೂರ್ಣ ವಿದ್ಯಾರ್ಥಿವೇತನ ಸಿಕ್ಕರೆ ಆ ಮಾತು ಬೇರೆ.

ನಮ್ಮಲ್ಲಿ ಈ ವಿಷಯಕ್ಕೆ ಗಟ್ಟಿ ಅಡಿಪಾಯ ಹಾಕುವ ಸಂಸ್ಥೆಗಳ ಹೆಸರಿನಲ್ಲಿ ಹಣಕಾಸಿನ ಸುಳಿವೇ ಇರುವುದಿಲ್ಲ. ಪ್ರಶಾಂತ ಚಂದ್ರ ಮಹಾಲನೋಬಿಸ್ 1931ರಲ್ಲಿ ಕೋಲ್ಕತ್ತದಲ್ಲಿ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಬಿ.ಸ್ಟ್ಯಾಟ್ ಪದವಿಯಿದೆ. ಅದರ ಬೆಂಗಳೂರು ಕೇಂದ್ರ ನಮ್ಮ ಮೈಸೂರು ರಸ್ತೆಯಲ್ಲೇ ಇದೆ, ಅಲ್ಲಿ ಬಿ.ಮ್ಯಾಥ್ ಪದವಿ. ಬೋಧನಾ ಶುಲ್ಕದ ಹೊರೆ ಹೊರಿಸದೆ ತಿಂಗಳು ತಿಂಗಳು ವಿದ್ಯಾರ್ಥಿವೇತನ ಕೊಟ್ಟು ಓದಿಸುತ್ತ ಬಂದಿರುವ ಸಂಸ್ಥೆ ಇದು. ಆ ರಸ್ತೆಯಲ್ಲಿ ದಿನವೂ ಬಸ್ಸಿನಲ್ಲಿ ಓಡಾಡುವ ಎಷ್ಟೋ ಕುಟುಂಬಗಳಿಗೆ ಅದರ ಗೇಟು ಕಂಡಿದೆ, ಒಳಗೇನಿದೆ ಎಂಬುದು ಗೊತ್ತಿಲ್ಲ. ಈ ಮಾಹಿತಿ ಹಳ್ಳಿಯ ಕಾಲೇಜುಗಳ ನೋಟಿಸ್ ಬೋರ್ಡಿಗೆ ತಲುಪಬೇಕೆಂಬುದು ನನ್ನ ಬಹುದಿನದ ಆಸೆ.

ಚೆನ್ನೈ ಸಮೀಪದ ಸಿರುಸೇರಿಯಲ್ಲಿರುವ ಚೆನ್ನೈ ಗಣಿತ ಸಂಸ್ಥೆಯಲ್ಲಿ ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನದ ಪದವಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2022ರಲ್ಲಿ ಗಣಿತ ಮತ್ತು ಕಂಪ್ಯೂಟಿಂಗ್ ಬಿ.ಟೆಕ್ ಆರಂಭಿಸಿತು, ಹಲವು ಐಐಟಿಗಳಲ್ಲೂ ಇದೇ ಹೆಸರಿನ ಪದವಿಯಿದೆ. ಕೋಲ್ಕತ್ತ ಮತ್ತು ಚೆನ್ನೈ ಸಂಸ್ಥೆಗಳ ಪ್ರವೇಶ ಪರೀಕ್ಷೆಯಲ್ಲಿ ಬಾಯಿಪಾಠ ನಡೆಯುವುದಿಲ್ಲ. ಉತ್ತರಕ್ಕಿಂತ ಅದನ್ನು ಸಾಧಿಸಿದ ಬಗೆ ಅಲ್ಲಿ ಮುಖ್ಯ. ಹಳೆಯ ಪ್ರಶ್ನೆಪತ್ರಿಕೆಗಳನ್ನು ತೆಗೆದು, ಒಂದು ಪ್ರಶ್ನೆಗೆ ಎರಡು ದಿನವಾದರೂ ಸರಿ, ಉತ್ತರ ನೋಡದೆ ಹೆಣಗಾಡಿ.

ಇವು ಯಾವುವೂ ಸಿಗದಿದ್ದರೆ? ಬೆಂಗಳೂರು, ಮೈಸೂರಿನಂಥ ಊರುಗಳ ಕಾಲೇಜುಗಳಲ್ಲಿ ಗಣಿತ, ಸಂಖ್ಯಾಶಾಸ್ತ್ರ ಇವೆರಡರ ಜೊತೆ ಅರ್ಥಶಾಸ್ತ್ರವೋ ಕಂಪ್ಯೂಟರ್ ವಿಜ್ಞಾನವೋ ಇರುವ ಪದವಿ ಹುಡುಕಿ. ಆ ಮೇಲೆ ಗಣಿತ ಅಥವಾ ಸಂಖ್ಯಾಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮಾಡಿದರೆ ದಾರಿ ಮುಚ್ಚಿಲ್ಲ. ಕರ್ನಾಟಕದಲ್ಲಿ 2024–25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಹೊರದೇಶದ ಸ್ನಾತಕೋತ್ತರಕ್ಕೆ ಹೋಗುವವರು ಅಲ್ಲಿ ಮೂರು ವರ್ಷದ ಪದವಿ ಸಾಕೇ ಎಂದು ನೋಡಿಕೊಳ್ಳಲಿ.

ಇತ್ತೀಚೆಗೆ ಖಾಸಗಿ ಕಾಲೇಜುಗಳು ಆಕರ್ಷಕ ಹೆಸರಿನ ಹಣಕಾಸು ಪದವಿಗಳನ್ನು ತೆರೆಯುತ್ತಿವೆ. ಸೇರುವ ಮೊದಲು ಪಠ್ಯಕ್ರಮ ಕೇಳಿ ಪಡೆದು, ಮೂರು ಪತ್ರಿಕೆಗಳು ಇವೆಯೇ ನೋಡಿ: ಕಲನಶಾಸ್ತ್ರದ ತಳಹದಿಯ ಮೇಲೆ ಕಲಿಸುವ ಸಂಭವನೀಯತಾ ಸಿದ್ಧಾಂತ, ರೇಖೀಯ ಬೀಜಗಣಿತ, ಯಾದೃಚ್ಛಿಕ ಪ್ರಕ್ರಿಯೆಗಳು (ಸ್ಟೊಕ್ಯಾಸ್ಟಿಕ್ ಪ್ರೊಸೆಸಸ್, ಅಂದರೆ ಕಾಲ ಸರಿದಂತೆ ಆಕಸ್ಮಿಕವಾಗಿ ಬದಲಾಗುವುದರ ಗಣಿತ). ಮೂರೂ ಇಲ್ಲದಿದ್ದರೆ ಅದು ಬಿ.ಕಾಂ. ಪದವಿಗೆ ಹೊಸ ಅಂಗಿ ತೊಡಿಸಿದ್ದು. ಬಿ.ಕಾಂ. ಒಳ್ಳೆಯ ಪದವಿಯೇ, ಆದರೆ ಅದಕ್ಕೆ ಅಷ್ಟು ಶುಲ್ಕ ಕೊಡಬೇಕಾಗಿಲ್ಲ.

ಹೆಜ್ಜೆ ಮೂರು: ಪದವಿಯ ವರ್ಷಗಳನ್ನು ಹೀಗೆ ಬಳಸಿ

ಮೊದಲ ವರ್ಷ ಮಾರುಕಟ್ಟೆಯನ್ನು ಮರೆತುಬಿಡಿ. ಮಿತಿ ಎಂದರೇನು, ಸಾತತ್ಯ ಎಂದರೇನು ಎಂಬುದನ್ನು ಸಾಧನೆ ಸಹಿತ ಕಲಿಯಿರಿ. ಮ್ಯಾಟ್ರಿಕ್ಸ್ ಗುಣಾಕಾರ ಯಂತ್ರದ ಕೆಲಸ. ಅದರ ಹಿಂದಿರುವ ರೇಖಾಗಣಿತ ನಿಮ್ಮ ಕೆಲಸ. ಜೊತೆಗೆ ಪೈಥಾನ್ ಶುರುಮಾಡಿ. ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ಯಾವ ದಿನವೂ ತಪ್ಪಬಾರದು.

ಎರಡನೆಯ ವರ್ಷದ ರಾಜ ಸಂಭವನೀಯತೆ. ಉಳಿದದ್ದಕ್ಕೆ ಸಮಯ ಸಾಲದಿದ್ದರೂ ಚಿಂತೆಯಿಲ್ಲ, ಇದಕ್ಕೆ ಮಾತ್ರ ಕೊರತೆಯಾಗಬಾರದು. ಅದರಲ್ಲೂ ಷರತ್ತುಬದ್ಧ ನಿರೀಕ್ಷಿತ ಮೌಲ್ಯ (ಇಷ್ಟು ತಿಳಿದ ಮೇಲೆ ಸರಾಸರಿ ಎಷ್ಟು ಎಂಬ ಲೆಕ್ಕ) ಎಂಬ ಪರಿಕಲ್ಪನೆ ರಕ್ತಗತವಾಗಬೇಕು. ಸಂದರ್ಶನಗಳಲ್ಲಿ ಕೇಳುವ ಒಂದು ಸರಳ ಪ್ರಶ್ನೆ ನೋಡಿ: ದಾಳ ಒಮ್ಮೆ ಉರುಳಿಸಿ, ಬಿದ್ದಷ್ಟು ರೂಪಾಯಿ ನಿಮ್ಮದು. ಬೇಡವೆನಿಸಿದರೆ ಒಂದೇ ಒಂದು ಬಾರಿ ಮತ್ತೆ ಉರುಳಿಸಬಹುದು, ಆಗ ಬಿದ್ದದ್ದೇ ಖಾಯಂ. ಈ ಆಟದ ಬೆಲೆ ಎಷ್ಟು? ಎರಡನೆಯ ಉರುಳಿನ ಸರಾಸರಿ 3.5. ಆದ್ದರಿಂದ ಮೊದಲು 4, 5, 6 ಬಿದ್ದರೆ ಇಟ್ಟುಕೊಳ್ಳುತ್ತೀರಿ, ಅವುಗಳ ಸರಾಸರಿ 5. 1, 2, 3 ಬಿದ್ದರೆ ಮತ್ತೆ ಉರುಳಿಸುತ್ತೀರಿ, ಅದರ ಬೆಲೆ 3.5. ಎರಡರ ಅರ್ಧರ್ಧ ಸೇರಿಸಿದರೆ 4.25. ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕುವ ಈ ಕ್ರಮವೇ ಮುಂದೆ ದೊಡ್ಡ ದೊಡ್ಡ ಕರಾರುಗಳ ಬೆಲೆ ಕಟ್ಟುವಾಗ ಬರುತ್ತದೆ.

ಅದೇ ವರ್ಷ ಸಂಖ್ಯಾಶಾಸ್ತ್ರದಲ್ಲಿ ಹಿಂಚಲನೆ (ರಿಗ್ರೆಶನ್), ಊಹೆಗಳ ಪರೀಕ್ಷೆ, ಜೊತೆಗೆ ಅವಕಲ ಸಮೀಕರಣಗಳನ್ನು ಮುಗಿಸಿ. ಒಂದು ಕಂಪನಿಯ ಬ್ಯಾಲೆನ್ಸ್ ಶೀಟ್ ಓದಲು ಬರುವಷ್ಟು ಲೆಕ್ಕಶಾಸ್ತ್ರ ಸಾಕು.

ಮೂರನೆಯ ವರ್ಷ ಯಾದೃಚ್ಛಿಕ ನಡಿಗೆಯಿಂದ ಆರಂಭಿಸಿ. ನಾಣ್ಯ ಚಿಮ್ಮಿ, ತಲೆ ಬಿದ್ದರೆ ಒಂದು ಹೆಜ್ಜೆ ಮುಂದೆ, ಬಾಲ ಬಿದ್ದರೆ ಒಂದು ಹೆಜ್ಜೆ ಹಿಂದೆ. ನೂರು ಬಾರಿ ಚಿಮ್ಮಿದ ಮೇಲೆ ಹೊರಟಲ್ಲಿಂದ ಸಾಮಾನ್ಯವಾಗಿ ಎಷ್ಟು ದೂರದಲ್ಲಿರುತ್ತೀರಿ? ಹತ್ತು ಹೆಜ್ಜೆಯ ಆಸುಪಾಸು. ದೂರವು ಕಾಲದ ವರ್ಗಮೂಲದಂತೆ ಬೆಳೆಯುತ್ತದೆ. ಒಂದು ಷೇರಿನ ದಿನದ ಏರಿಳಿತ ಶೇಕಡಾ 1 ಇದ್ದರೆ, ವರ್ಷದ ಸುಮಾರು 252 ವಹಿವಾಟು ದಿನಗಳಿಗೆ ಅದು ಶೇಕಡಾ 16ರಷ್ಟಾಗುವುದು ಈ ಕಾರಣಕ್ಕೇ. ಪ್ಯಾರಿಸ್ಸಿನಲ್ಲಿ ಲೂಯಿ ಬಶೆಲಿಯೆ ಎಂಬ ಯುವಕ 1900ರಲ್ಲೇ ತನ್ನ ಪ್ರೌಢಪ್ರಬಂಧದಲ್ಲಿ ಷೇರುಪೇಟೆಯನ್ನು ಹೀಗೆ ನೋಡಿದ್ದ. ಬ್ರೌನಿಯನ್ ಚಲನೆಯ (ದ್ರವದಲ್ಲಿ ತೇಲುವ ಸಣ್ಣ ಕಣಗಳ ಅಡ್ಡಾದಿಡ್ಡಿ ಓಡಾಟ) ಬಗ್ಗೆ ಐನ್‌ಸ್ಟೈನ್ ಬರೆದದ್ದು ಅದಾಗಿ ಐದು ವರ್ಷಕ್ಕೆ. ಇಲ್ಲಿಂದ ಮಾರ್ಟಿಂಗೇಲ್ (ಯಾರ ಕಡೆಗೂ ವಾಲದ ಆಟದ ಗಣಿತ), ಬ್ರೌನಿಯನ್ ಚಲನೆ, ಜಪಾನಿನ ಕಿಯೋಶಿ ಇಟೊ ಕಟ್ಟಿದ ಕಲನ ಎಂದು ಮುಂದುವರಿಯಬಹುದು. ಇಟೊ ಕಲನ ಪದವಿಯಲ್ಲಿ ಪೂರ್ತಿ ದಕ್ಕದಿದ್ದರೆ ಬೇಸರ ಬೇಡ. ಸ್ನಾತಕೋತ್ತರದಲ್ಲಿ ಮತ್ತೆ ಬರುತ್ತದೆ.

ಹೆಜ್ಜೆ ನಾಲ್ಕು: ನಿಜವಾದ ದತ್ತಾಂಶದಲ್ಲಿ ಕೈ ಕೊಳೆ ಮಾಡಿಕೊಳ್ಳಿ

ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಪ್ರತಿದಿನದ ದರಪಟ್ಟಿಯನ್ನು "ಭಾವ್‌ಕಾಪಿ" ಎಂಬ ಹೆಸರಿನಲ್ಲಿ ಉಚಿತವಾಗಿ ಕೊಡುತ್ತದೆ. ಅದರ ನಿಫ್ಟಿ ಸೂಚ್ಯಂಕದ ಹಳೆಯ ಮೌಲ್ಯಗಳೂ ಸಿಗುತ್ತವೆ. ದಿನದಿನದ ಶೇಕಡಾ ಬದಲಾವಣೆ ಲೆಕ್ಕಹಾಕಿ, ಯಾವ ಬದಲಾವಣೆ ಎಷ್ಟು ಬಾರಿ ಬಂತು ಎಂಬ ಚಿತ್ರ ಬರೆಯಿರಿ. ನಡುವೆ ಗಂಟೆಯಾಕಾರ ಚೆನ್ನಾಗಿಯೇ ಕಾಣುತ್ತದೆ, ಅಂಚಿನಲ್ಲಿ ಮಾತ್ರ ಎಲ್ಲ ಕೆಡುತ್ತದೆ. 2020ರ ಮಾರ್ಚ್ 23ರಂದು, ಕೊರೊನಾ ಭೀತಿಯಲ್ಲಿ, ನಿಫ್ಟಿ ಒಂದೇ ದಿನ ಶೇಕಡಾ 13ರಷ್ಟು ಕುಸಿಯಿತು. ದಿನದ ಮಾನಕ ವಿಚಲನೆ ಶೇಕಡಾ 1 ಎಂದು ನಂಬಿದ ಸಾಮಾನ್ಯ ವಿತರಣೆಯ, ಅಂದರೆ ಆ ಗಂಟೆಯಾಕಾರದ, ಪ್ರಕಾರ ಅಂಥ ದಿನ ವಿಶ್ವದ ಆಯುಷ್ಯದಲ್ಲೇ ಬರಬಾರದು. ಬಂದೇ ಬಂತು. ಆ ಒಂದು ಚುಕ್ಕಿಯನ್ನು ನಿಮ್ಮದೇ ಚಿತ್ರದ ಮೂಲೆಯಲ್ಲಿ ಕಂಡ ದಿನ, ಮಾದರಿಗಳ ಬಗ್ಗೆ ನಿಮಗೆ ಬರುವ ವಿನಯ ಯಾವ ಉಪನ್ಯಾಸದಿಂದಲೂ ಬರುವುದಿಲ್ಲ. ಶೋಲ್ಸ್ ಮತ್ತು ಮರ್ಟನ್ ಅವರೇ ಪಾಲುದಾರರಾಗಿದ್ದ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ನಿಧಿ, ನೊಬೆಲ್ ಬಂದ ಮರುವರ್ಷವೇ, 1998ರಲ್ಲಿ ಮುಳುಗಿತು.

ನನ್ನದೇ ಒಂದು ತಪ್ಪು ಹೇಳುತ್ತೇನೆ, ನೀವು ಮಾಡದಿರಲಿ ಎಂದು. ಮೊದಲ ಪ್ರಾಜೆಕ್ಟಿನಲ್ಲಿ "ಭಾರೀ ಕುಸಿದ ಷೇರನ್ನು ಮರುದಿನ ಕೊಳ್ಳುವ" ನಿಯಮವೊಂದನ್ನು ಹಳೆಯ ದರಗಳ ಮೇಲೆ ಓಡಿಸಿದ್ದೆ. ಒಂದೇ ದಿನದಲ್ಲಿ ಅರ್ಧಕ್ಕಿಳಿದ ಷೇರುಗಳು ಅಲ್ಲಲ್ಲಿ ಕಂಡವು. ಎರಡು ವಾರ ಅವುಗಳ ಕುಸಿತಕ್ಕೆ ಕಾರಣ ಹುಡುಕಿದೆ. ಕುಸಿತವೇ ಇರಲಿಲ್ಲ, ಅವು ಬೋನಸ್ ಷೇರು ಕೊಟ್ಟ ದಿನಗಳು! 2018ರಲ್ಲಿ ಇನ್ಫೋಸಿಸ್ ಒಂದಕ್ಕೆ ಒಂದು ಬೋನಸ್ ಕೊಟ್ಟಾಗ ದರ ಅರ್ಧವಾಯಿತು, ಷೇರುಗಳ ಸಂಖ್ಯೆ ಎರಡರಷ್ಟಾಯಿತು, ಯಾರಿಗೂ ಒಂದು ಪೈಸೆ ನಷ್ಟವಾಗಲಿಲ್ಲ. ಕಚ್ಚಾ ದರಪಟ್ಟಿಗೆ ಅದು ತಿಳಿಯುವುದಿಲ್ಲ, ನಾವೇ ಸರಿಪಡಿಸಿಕೊಳ್ಳಬೇಕು.

ಇನ್ನೊಂದು ಬಲೆ: ಇವತ್ತಿನ ನಿಫ್ಟಿಯ 50 ಕಂಪನಿಗಳನ್ನು ಹಿಡಿದು ಇಪ್ಪತ್ತು ವರ್ಷ ಹಿಂದಕ್ಕೆ ಪರೀಕ್ಷಿಸುವುದು. ಲೆಕ್ಕಪತ್ರದ ವಂಚನೆ ಬಯಲಾಗಿ 2009ರಲ್ಲಿ ಸೂಚ್ಯಂಕದಿಂದ ಹೊರಬಿದ್ದ ಸತ್ಯಂ ಕಂಪನಿ ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಗೆದ್ದವರನ್ನಷ್ಟೇ ಸಾಲಾಗಿ ನಿಲ್ಲಿಸಿ ಓಟದ ಪಂದ್ಯ ನಡೆಸಿದಂತೆ. ಇಂಥ ಎರಡು ತಪ್ಪುಗಳನ್ನು ತಾನೇ ಹಿಡಿದು ವರದಿಯಲ್ಲಿ ಬರೆದ ವಿದ್ಯಾರ್ಥಿ, "ವರ್ಷಕ್ಕೆ ಶೇಕಡಾ 80 ಲಾಭ" ಎಂದು ಬರೆದವನಿಗಿಂತ ನನ್ನ ಕಣ್ಣಿಗೆ ಎಷ್ಟೋ ಮೇಲು.

ಹೆಜ್ಜೆ ಐದು: ಹಾಸ್ಟೆಲ್ ಕೋಣೆಯಲ್ಲಿ ಆಪ್ಷನ್ ವಹಿವಾಟು ಬೇಡ

ಇದನ್ನು ಒತ್ತಿ ಹೇಳಲೇಬೇಕು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021–22ರಿಂದ 2023–24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ (ಮುಂದಿನ ದಿನಾಂಕದ ಕೊಳ್ಳುಮಾರಿಗೆ ಈಗಲೇ ದರ ಗೊತ್ತುಮಾಡುವ ಕರಾರು) ಮತ್ತು ಆಪ್ಷನ್ಸ್ ವಹಿವಾಟು ನಡೆಸಿದ ಬಿಡಿ ವ್ಯಕ್ತಿಗಳಲ್ಲಿ ಶೇಕಡಾ 93 ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಶುಲ್ಕಕ್ಕೆಂದು ಅಪ್ಪ ಕಳುಹಿಸಿದ ಹಣವನ್ನು ಮೊಬೈಲಿನಲ್ಲಿ ಕಳೆದುಕೊಂಡು, ಹೇಳಿಕೊಳ್ಳಲಾಗದೆ ಪರೀಕ್ಷೆ ತಪ್ಪಿಸಿಕೊಂಡ ಹುಡುಗನನ್ನು ನಾನು ಬಲ್ಲೆ. ಅವನು ಗಣಿತದಲ್ಲಿ ಜಾಣ. ಕಲಿಯುವುದಕ್ಕೆ ಹಣ ಹಾಕಬೇಕಾಗಿಲ್ಲ. ಕಾಗದದ ಮೇಲೆ ವಹಿವಾಟು ಬರೆದಿಟ್ಟು, ದಲ್ಲಾಳಿ ಶುಲ್ಕ, ತೆರಿಗೆ ಎಲ್ಲ ಕಳೆದು, ಆರು ತಿಂಗಳ ನಂತರ ನೋಡಿ.

ಹೆಜ್ಜೆ ಆರು: ಇಂಟರ್ನ್‌ಶಿಪ್, ಕೆಲಸ

ಬೆಂಗಳೂರಿನಲ್ಲಿ ಅಮೆರಿಕದ ಹೂಡಿಕೆ ಬ್ಯಾಂಕು ಗೋಲ್ಡ್‌ಮನ್ ಸ್ಯಾಕ್ಸ್ 2004ರಿಂದ ಇದೆ. ಜೆಪಿ ಮಾರ್ಗನ್, ಮಾರ್ಗನ್ ಸ್ಟ್ಯಾನ್ಲಿ, ವೆಲ್ಸ್ ಫಾರ್ಗೊ ಮುಂತಾದವುಗಳ ಕಚೇರಿಗಳೂ ಇವೆ. ಇಂಥ ಕಡೆ ಪದವೀಧರರಿಗೆ ಸಿಗುವ ಕೆಲಸ ಹೆಚ್ಚಾಗಿ ಅಪಾಯದ ಅಳತೆ, ಮಾದರಿಗಳ ತಪಾಸಣೆ, ಬೆಲೆ ಕಟ್ಟುವ ತಂತ್ರಾಂಶದ ನಿರ್ವಹಣೆ. ಇತರರು ಕಟ್ಟಿದ ಮಾದರಿ ಎಲ್ಲಿ ಮುರಿಯುತ್ತದೆ ಎಂದು ಹುಡುಕುವ ತಪಾಸಣೆಯ ಕೆಲಸವನ್ನು ಹೊಸಬರು ಕೀಳಾಗಿ ಕಾಣುತ್ತಾರೆ. ನನಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಗೊತ್ತಿಲ್ಲ. ವಿಮೆಯ ಕಡೆ ಒಲವಿರುವವರಿಗೆ ಆಕ್ಚುವರಿ (ವಿಮೆಯ ಅಪಾಯ ಲೆಕ್ಕಹಾಕುವ ತಜ್ಞ) ಪರೀಕ್ಷೆಗಳ ದಾರಿಯೂ ಇದೆ. ಪದವಿ ಓದುತ್ತಲೇ ಅದನ್ನು ಆರಂಭಿಸಬಹುದು, ಗಣಿತವೂ ಹತ್ತಿರದ್ದೇ.

ಸಂದರ್ಶನಕ್ಕೆ ಬರುವವರು ಬ್ಲ್ಯಾಕ್–ಶೋಲ್ಸ್ ಸೂತ್ರವನ್ನು ತಪ್ಪಿಲ್ಲದೆ ಬರೆಯುತ್ತಾರೆ. "ಷೇರು ವರ್ಷಕ್ಕೆ ಸರಾಸರಿ ಎಷ್ಟು ಬೆಳೆಯುತ್ತದೆ ಎಂಬ ಅಂಕಿ ಈ ಸೂತ್ರದಲ್ಲಿ ಏಕಿಲ್ಲ?" ಎಂದು ಕೇಳಿದರೆ ಮೌನ. ಅಡಿಕೆಯ ಲೆಕ್ಕ ಮಾಡಿದ ನಿಮಗೆ ಈಗಾಗಲೇ ಉತ್ತರ ಗೊತ್ತಿದೆ.

ಇವತ್ತು ರಾತ್ರಿ ಆ ಲೆಕ್ಕವನ್ನೇ ಎರಡು ತಿಂಗಳಿಗೆ ಹಿಗ್ಗಿಸಿ. ಪ್ರತಿ ತಿಂಗಳೂ ದರ ಶೇಕಡಾ 20 ಏರುತ್ತದೆ ಅಥವಾ ಶೇಕಡಾ 10 ಇಳಿಯುತ್ತದೆ. ಹಾಗಾದರೆ ಕೊನೆಗೆ 72,000, 54,000, 40,500 ಎಂಬ ಮೂರು ದರಗಳು. ಹಕ್ಕು ಅದೇ 52,500ರದ್ದು. ದಾಳದ ಆಟದಂತೆ ಕೊನೆಯಿಂದ ಹಿಂದಕ್ಕೆ ಬನ್ನಿ. ಒಂದು ತಿಂಗಳ ನಂತರ ದರ 60,000 ಇದ್ದರೆ ಹಕ್ಕಿನ ಬೆಲೆ 7,500, 45,000 ಇದ್ದರೆ 500, ಇವತ್ತಿನ ಬೆಲೆ 2,833 ರೂಪಾಯಿ 33 ಪೈಸೆ ಎಂದು ಬಂದರೆ ಲೆಕ್ಕ ಸರಿ. ಬಂದ ಮೇಲೆ ಪ್ರತಿ ಹಂತದಲ್ಲಿ ಎಷ್ಟು ಅಡಿಕೆ ಇಟ್ಟುಕೊಂಡಿರಬೇಕು ಎಂದೂ ಬರೆಯಿರಿ: ಇವತ್ತು ಅರ್ಧ ಕ್ವಿಂಟಲ್‌ಗಿಂತ ತುಸು ಕಡಿಮೆ, ಸುಮಾರು 47 ಕಿಲೋ. ಮುಂದಿನ ತಿಂಗಳು ದರ ಏರಿದ್ದರೆ ಪೂರ್ತಿ ಒಂದು ಕ್ವಿಂಟಲ್. ಇಳಿದಿದ್ದರೆ ಉಳಿಸಿಕೊಳ್ಳಬೇಕಾದದ್ದು ಬರೀ 11 ಕಿಲೋ.